ಬ್ಯಾಟರಿ ಸರಿಯಿತ್ತು, ಸೆಲ್ಫೂ ಸರಿಯಿತ್ತು

ಹಳೇ ಗಾಡಿ ಸ್ಟಾರ್ಟ್ ಆಗದಿದ್ದರೆ ನಮ್ಮ ಕಡೆ ಸಿಗುವ ಮೊದಲ ಸಲಹೆ, ಬ್ಯಾಟರಿ ಬದಲಾಯಿಸಿ. ಎರಡನೆಯದು, ಸೆಲ್ಫ್ ಬಿಚ್ಚಿಸಿ. ಎರಡೂ ಸಾವಿರಗಟ್ಟಲೆ ಖರ್ಚಿನ ಮಾತು. ಆ ಖರ್ಚು ಬೇಕೋ ಬೇಡವೋ ಎಂದು ಮೊದಲೇ ತಿಳಿಯುವ ದಾರಿಯನ್ನು ನನಗೆ ತೋರಿಸಿಕೊಟ್ಟವರು ತಿ. ನರಸೀಪುರದ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್.

ನನ್ನದು ಕಾರ್ಬ್ಯುರೇಟರ್ ಕಾಲದ ಮಾರುತಿ 800. ಈ ಕಾರಿನ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಬಿಡಿಭಾಗಗಳು ಮಾತ್ರ ಇಂದಿಗೂ ಸುಲಭವಾಗಿ ಸಿಗುತ್ತವೆ. ನಂಜನಗೂಡಿನ ಮನೆಯಿಂದ ಸುತ್ತೂರಿನ ಮೇಲೆ ಹಾದು ನರಸೀಪುರಕ್ಕೆ ಕೆಲಸಕ್ಕೆ ಹೋಗಿಬರಲು ಇದೇ ಗಾಡಿ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ, ಮಲ್ಲನಮೂಲೆ ಬಳಿ ಮೈಸೂರು ರಸ್ತೆಯೇ ಮುಳುಗಿತ್ತಲ್ಲ, ಆಗ ಇದೂ ಬಂಪರ್ ಮಟ್ಟ ನೀರಿನಲ್ಲಿ ನಿಂತಿತ್ತು. ಒಣಗಿಸಿ, ಆಯಿಲ್ ಬದಲಿಸಿದ ಮೇಲೆ ಚೆನ್ನಾಗಿಯೇ ಓಡಿತು. ನೆರೆಯ ನೀರು ತನ್ನ ಕೆಲಸವನ್ನು ನಿಧಾನವಾಗಿ ಮಾಡುತ್ತದೆ.

ತೊಂದರೆ ಶುರುವಾದದ್ದು ಬಹಳ ತಡವಾಗಿ. ಚಾವಿ ತಿರುಗಿಸಿದರೆ 'ಟಕ್' ಎಂದು ಒಂದೇ ಸದ್ದು, ಆಮೇಲೆ ಮೌನ. ಈ ಸದ್ದುಗಳನ್ನು ಕಿವಿಗೊಟ್ಟು ಕೇಳಬೇಕು. ಟಕಟಕಟಕ ಎಂದು ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿ ಇಳಿದಿದೆ ಎಂದರ್ಥ. ಸದ್ದೇ ಇಲ್ಲವೆಂದರೆ ಚಾವಿ ಸ್ವಿಚ್‌ನಿಂದ, ಸೆಲ್ಫಿಗೆ ಕರೆಂಟ್ ಬಿಡುವ ಸಾಲಿನಾಯ್ಡ್‌ವರೆಗಿನ ಸಣ್ಣ ವೈರನ್ನು ಹುಡುಕಬೇಕು. ಒಂದೇ ಟಕ್ ಎಂದರೆ ಸಾಲಿನಾಯ್ಡ್ ಎಳೆದಿದೆ, ಮೋಟಾರಿಗೆ ಬೇಕಾದಷ್ಟು ಕರೆಂಟ್ ಮಾತ್ರ ಸಿಕ್ಕಿಲ್ಲ. ನನ್ನ ಗಾಡಿಯಲ್ಲಿ ಚಾವಿ ತಿರುಗಿಸಿದಾಗ ಒಳಗಿನ ದೀಪ ಮಂಕಾಗುತ್ತಲೂ ಇರಲಿಲ್ಲ. ನಾಲ್ಕು ಜನ ಸೇರಿ ತಳ್ಳಿದರೆ ಥಟ್ಟನೆ ಸ್ಟಾರ್ಟ್ ಆಗುತ್ತಿತ್ತು. ಅಲ್ಲಿಗೆ ಪೆಟ್ರೋಲ್, ಕಿಡಿ ಎರಡೂ ಸರಿ. ಬ್ಯಾಟರಿ ಹೊಸದು, ಮೀಟರಿನಲ್ಲಿ 12.6 ವೋಲ್ಟ್.

ನರಸೀಪುರದಲ್ಲಿ ಗಾಡಿ ಮತ್ತೆ ಕೈಕೊಟ್ಟಾಗ ಬಂದ ಆ ಹಿರಿಯರು ಬಾನೆಟ್ ಎತ್ತಿ, ಚಾವಿ ತಿರುಗಿಸಿ ಹಿಡಿಯಲು ಹೇಳಿದರು. ಒಂದೆರಡು ಸಲ ಹಾಗೆ ಮಾಡಿಸಿ, ಕ್ಲಚ್ ಕೇಬಲ್ಲನ್ನು ಬೆರಳಿಂದ ಮುಟ್ಟಿದರು. "ಮುಟ್ಟಿ ನೋಡಿ ಸಾ, ಹೆಂಗ್ ಸುಡ್ತದೆ. ಅರ್ತ್ ಹೋಗದೆ ನಿಮ್ದು."

ಮುಟ್ಟಿದೆ. ಕಪ್ಪು ಹೊದಿಕೆ ಮೆತ್ತಗಾಗಿ, ಕೈ ಇಡಲಾರದಷ್ಟು ಬಿಸಿಯಾಗಿತ್ತು. ಆ ಬಿಸಿಯ ಕಾರಣ ತಿಳಿದ ಮೇಲೆ ಮಿಕ್ಕದ್ದೆಲ್ಲ ಅರ್ಥವಾಯಿತು. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಸೆಲ್ಫ್ ಎಳೆದ ಕರೆಂಟ್ ಬ್ಯಾಟರಿಗೆ ಮರಳಬೇಕಾದ್ದು ಗೇರ್‌ಬಾಕ್ಸ್‌ಗೆ ಬಿಗಿದ ದಪ್ಪ ಅರ್ತ್ ವೈರಿನಿಂದ. ಆ ದಾರಿ ಕಟ್ಟಿಹೋದಾಗ ಅದು ಕ್ಲಚ್ ಕೇಬಲ್ಲಿನ ಉಕ್ಕಿನ ಎಳೆ ಹಿಡಿದು ಬಾಡಿಗೆ ಇಳಿಯುತ್ತಿತ್ತು. ಬಾಡಿಯ ಅರ್ತ್ ಬೇರೆ, ಅದು ಗಟ್ಟಿಯಾಗಿತ್ತು. ಅದಕ್ಕೇ ದೀಪಗಳು ಮಂಕಾಗುತ್ತಿರಲಿಲ್ಲ.

ಹಾಗಾದರೆ ಮೀಟರಿನ 12.6 ಸುಳ್ಳೇ? ಸುಳ್ಳಲ್ಲ, ಆದರೆ ಅದು ಕರೆಂಟ್ ಹರಿಯದಿದ್ದಾಗಿನ ಮಾತು. ಕಬಿನಿ ನಾಲೆಯ ತೂಬು ಮುಚ್ಚಿದ್ದಾಗ ಹೂಳು ತುಂಬಿದ ಕಾಲುವೆಯಲ್ಲೂ ನೀರು ಸಮನಾಗಿ ನಿಂತಿರುತ್ತದೆ. ತೂಬು ಎತ್ತಿದಾಗಲೇ ಕೊನೇಭಾಗದ ಗದ್ದೆಗೆ ನೀರು ಬಾರದ್ದು ಗೊತ್ತಾಗುವುದು. ಸೆಲ್ಫ್ ನೂರಾರು ಆಂಪಿಯರ್ ಎಳೆಯುವ ಯಂತ್ರ. 200 ಆಂಪಿಯರ್ ಹರಿಯುವಾಗ ಒಂದು ಓಮ್‌ನ ನೂರರಲ್ಲಿ ಒಂದು ಪಾಲು ತಡೆಯಿದ್ದರೂ 2 ವೋಲ್ಟ್ ಅಲ್ಲೇ ಕರಗುತ್ತದೆ. ಅಷ್ಟು ಸಣ್ಣ ತಡೆಯನ್ನು ಸಾಧಾರಣ ಮೀಟರಿನ ಓಮ್ ಅಳತೆ ಹಿಡಿಯಲಾರದು. ವೋಲ್ಟ್ ಅಳತೆ ಹಿಡಿಯುತ್ತದೆ.

ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಸೀಸದ ಗೂಟಕ್ಕೇ (ಕ್ಲಾಂಪಿಗಲ್ಲ), ಕೆಂಪನ್ನು ಇಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ, ಇನ್ನೊಬ್ಬರಿಗೆ ಚಾವಿ ತಿರುಗಿಸಲು ಹೇಳಬೇಕು. ಅರ್ಧ ವೋಲ್ಟ್‌ಗಿಂತ ಕಡಿಮೆ ಬರಬೇಕು; 0.2ರ ಆಸುಪಾಸಿದ್ದರೆ ಒಳ್ಳೆಯದು. ನನ್ನದು 5 ವೋಲ್ಟ್ ದಾಟಿತು. ಹಿರಿಯರು ಒಂದು ಜಂಪರ್ ವೈರನ್ನು ನೆಗೆಟಿವ್‌ನಿಂದ ನೇರ ಇಂಜಿನ್ನಿಗೆ ಕಚ್ಚಿಸಿದರು. ಅರ್ಧ ಸುತ್ತಿಗೆ ಗಾಡಿ ಸ್ಟಾರ್ಟ್ ಆಯಿತು.

ಹೊರಗಿಂದ ಆ ಅರ್ತ್ ವೈರಿಗೆ ಏನೂ ಆಗಿರಲಿಲ್ಲ. ಹೊದಿಕೆ ಸೀಳಿದಾಗ ಲಗ್‌ನಿಂದ ಒಂದು ಗೇಣು ಒಳಗಿನವರೆಗೂ ತಾಮ್ರ ಹಸಿರುಗಪ್ಪಾಗಿ, ಉಗುರಿಗೇ ಪುಡಿಯಾಗುತ್ತಿತ್ತು. ಟರ್ಮಿನಲ್ಲಿಗೆ ಬಿಸಿನೀರು ಹುಯ್ದು ಬಿಳಿ ಪುಡಿ ತೊಳೆಯುವ ನಮ್ಮ ಪದ್ಧತಿ ಒಳ್ಳೆಯದೇ, ಆದರೆ ಈ ಜಾಗವನ್ನು ಅದು ತಲುಪುವುದಿಲ್ಲ. 25 ಚದರ ಮಿಲಿಮೀಟರ್ ವೆಲ್ಡಿಂಗ್ ಕೇಬಲ್ಲಿಗೆ ಎರಡು ಕಡೆ ಲಗ್ ಒತ್ತಿಸಿ, ಬೋಲ್ಟ್ ಕೂರುವ ಜಾಗವನ್ನು ಎಮರಿ ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ, ಬಿಗಿದ ಮೇಲೆ ವ್ಯಾಸಲೀನ್ ಬಳಿದೆವು. ಬಿಚ್ಚುವಾಗ ನೆಗೆಟಿವ್ ಮೊದಲು, ಕೂರಿಸುವಾಗ ನೆಗೆಟಿವ್ ಕೊನೆಗೆ. ಸ್ಪ್ಯಾನರ್ ಬಾಡಿಗೆ ತಗುಲಿ ಕಿಡಿ ಹಾರುವ ಭಯ ಆಗ ಇರುವುದಿಲ್ಲ. ಆಮೇಲಿನ ಅಳತೆ 0.15. ಬಿಸಿಗೆ ಸೊರಗಿದ್ದ ಕ್ಲಚ್ ಕೇಬಲ್ಲನ್ನೂ ಬದಲಿಸಿದೆ.

ಪಾಸಿಟಿವ್ ಕಡೆಗೂ ಇದೇ ಲೆಕ್ಕ: ಗೂಟದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ ಅಳೆಯುವುದು. ಸ್ನೇಹಿತರ ಹಳೇ ಟ್ರ್ಯಾಕ್ಟರ್ ಭತ್ತದ ಕೊಯ್ಲಿನ ಹೊತ್ತಿಗೆ ಹೀಗೆಯೇ ಟಕ್ ಎಂದು ನಿಂತಾಗ ಅರ್ತ್ ಅಳೆದೆವು, ಸರಿಯಿತ್ತು. ಪಾಸಿಟಿವ್ ವೈರ್ ಸಾಲಿನಾಯ್ಡ್ ಮುಟ್ಟುವವರೆಗೂ ಸರಿಯಿತ್ತು. ಸಾಲಿನಾಯ್ಡಿನ ಎರಡು ಬೋಲ್ಟ್‌ಗಳ ನಡುವೆ 3 ವೋಲ್ಟ್ ಕಾಣೆಯಾಗುತ್ತಿತ್ತು. ಬಿಚ್ಚಿದರೆ ಒಳಗಿನ ತಾಮ್ರದ ಬಿಲ್ಲೆ ಒಂದು ಅಂಚಿನಲ್ಲಿ ಸುಟ್ಟು ಗುಳಿಬಿದ್ದಿತ್ತು. ಬಿಲ್ಲೆಯನ್ನು ಮಗುಚಿ ಹಾಕಿದ ಮೇಲೆ ಟ್ರ್ಯಾಕ್ಟರ್ ಗದ್ದೆಗೆ ಹೋಯಿತು. ಸೆಲ್ಫನ್ನು ಯಾರೂ ಮೈಸೂರಿಗೆ ಹೊತ್ತೊಯ್ಯಬೇಕಾಗಲಿಲ್ಲ.