ಎಳೆಗೂಸಿನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಮನೆಯ ಪಾಲು

ಎಳೆಗೂಸಿನ ಕ್ಯಾನ್ಸರ್ ಚಿಕಿತ್ಸೆ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂಬ ತಿಳಿವಳಿಕೆ ಅರ್ಧ ಮಾತ್ರ ಸರಿ. ಔಷಧವು ರಕ್ತನಾಳಕ್ಕೆ ಇಳಿಯುವುದು ಒಂದೆರಡು ದಿನವಾದರೆ, ಅದರ ಹೊಡೆತವನ್ನು ತಾಳಿಕೊಂಡು ಮುಂದಿನ ಸುತ್ತಿಗೆ ಮಗು ಅಣಿಯಾಗಬೇಕಾದ ಮೂರು-ನಾಲ್ಕು ವಾರಗಳು ಕಳೆಯುವುದು ಅಜ್ಜಿ-ತಾತ, ಚಿಕ್ಕಪ್ಪ-ಚಿಕ್ಕಮ್ಮ, ಅಕ್ಕಪಕ್ಕದವರು ಓಡಾಡುವ ಮನೆಯಲ್ಲಿ. ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿ ನೆಲೆಸಿರುವ ಒಂದು ಕೂಡುಕುಟುಂಬವು ತನ್ನ ಹೆಣ್ಣುಮಗುವಿನ ರೆಟಿನೊಬ್ಲಾಸ್ಟೋಮಾ ಚಿಕಿತ್ಸೆಯ ಕಾಲದಲ್ಲಿ ಕಂಡುಕೊಂಡ ಸಂಗತಿಗಳು ಈ ಮಾತನ್ನು ಹೆಜ್ಜೆಹೆಜ್ಜೆಗೂ ದೃಢಪಡಿಸುತ್ತವೆ.

ರೆಟಿನೊಬ್ಲಾಸ್ಟೋಮಾ ಎಂದರೆ ಕಣ್ಣಿನ ಒಳಗೋಡೆಯಾದ ಅಕ್ಷಿಪಟದಲ್ಲಿ ಬೆಳೆಯುವ ಗಡ್ಡೆ. ಇದು ಬಹುಮಟ್ಟಿಗೆ ಐದು ವರ್ಷದೊಳಗಿನ ಮಕ್ಕಳಲ್ಲಿ, ಎರಡೂ ಕಣ್ಣುಗಳಿಗೆ ತಗುಲಿದ್ದರೆ ಸಾಮಾನ್ಯವಾಗಿ ಮೊದಲ ವರ್ಷದಲ್ಲೇ, ಕಾಣಿಸಿಕೊಳ್ಳುತ್ತದೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಪಾಪೆಯು ಕೆಂಪಗೆ ಹೊಳೆಯುವ ಬದಲು ಬೆಳ್ಳಗೆ ಹೊಳೆಯುವುದು ಇದರ ಮುಖ್ಯ ಲಕ್ಷಣವಾದ್ದರಿಂದ, ವೈದ್ಯರಿಗಿಂತ ಮೊದಲು ಮನೆಯವರ ಮೊಬೈಲಿಗೇ ಇದು ಗೋಚರವಾಗುವುದುಂಟು. ಮೆಳ್ಳೆಗಣ್ಣು ಇನ್ನೊಂದು ಲಕ್ಷಣ. ದೊಡ್ಡದಾದ ಮೇಲೆ ತಾನೇ ಸರಿಹೋಗುತ್ತದೆ ಎಂದು ಹಿರಿಯರು ಸಮಾಧಾನ ಹೇಳುವ ಮನೆಗಳಲ್ಲಿ ಅಮೂಲ್ಯವಾದ ತಿಂಗಳುಗಳು ಜಾರಿಹೋಗುತ್ತವೆ. ಪಾಪೆ ಬೆಳ್ಳಗೆ ಕಂಡ ಮಗುವನ್ನು ಅದೇ ವಾರದಲ್ಲಿ ಕಣ್ಣಿನ ವೈದ್ಯರಿಗೆ ತೋರಿಸಬೇಕೆಂಬ ಒಂದೇ ವಿಷಯವನ್ನು ಪ್ರತಿ ಲಸಿಕಾ ಕೇಂದ್ರದ ಗೋಡೆಯ ಮೇಲೆ ಬರೆಸಿದರೂ ಎಷ್ಟೋ ಕಣ್ಣುಗಳು, ಎಷ್ಟೋ ಜೀವಗಳು ಉಳಿದಾವು.

ರೋಗದ ಹೆಸರು ತಿಳಿದ ಕೂಡಲೇ ಮನೆಯಲ್ಲಿ ಹುಟ್ಟುವ ಪ್ರಶ್ನೆ ಯಾರಿಂದ ಬಂತು ಎಂಬುದು, ಮತ್ತು ಅದು ನೇರವಾಗಿ ಹೋಗಿ ನಾಟುವುದು ಬಾಣಂತಿತನ ಮುಗಿಸಿ ಇನ್ನೂ ಚೇತರಿಸಿಕೊಳ್ಳುತ್ತಿರುವ ತಾಯಿಗೆ. ಗರ್ಭಿಣಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳೇ, ಚಾಕು ಹಿಡಿದಿದ್ದಳೇ ಎಂಬ ವಿಚಾರಣೆ ಈ ಕುಟುಂಬದ ಬಂಧುಬಳಗದಲ್ಲೂ ನಡೆಯಿತು. ಇದಕ್ಕೆ ವಿಜ್ಞಾನದ ಉತ್ತರ ಸ್ಪಷ್ಟವಾಗಿದೆ: ಹದಿಮೂರನೆಯ ವರ್ಣತಂತುವಿನಲ್ಲಿರುವ ಆರ್‌ಬಿ1 ಎಂಬ ಜೀನಿನ ಎರಡೂ ಪ್ರತಿಗಳು ಕೆಟ್ಟಾಗ ಅಕ್ಷಿಪಟದ ಕೋಶವು ಹತೋಟಿ ತಪ್ಪಿ ಬೆಳೆಯುತ್ತದೆ ಎಂಬ ವಿವರಣೆಗೆ ಆಲ್‌ಫ್ರೆಡ್ ನಡ್ಸನ್ 1971ರಲ್ಲಿ ತಳಹದಿ ಹಾಕಿದರು; ಎರಡೂ ಕಣ್ಣುಗಳಿಗೆ ರೋಗ ತಗುಲಿದ ಮಕ್ಕಳಲ್ಲಿ ಒಂದು ಪ್ರತಿ ಹುಟ್ಟುವಾಗಲೇ ಕೆಟ್ಟಿರುತ್ತದೆ, ಆದರೆ ಅಂಥ ಮಕ್ಕಳಲ್ಲೂ ಹೆಚ್ಚಿನವರ ತಂದೆ-ತಾಯಿಗಳಿಗೆ ಆ ದೋಷ ಇರುವುದಿಲ್ಲ, ಅದು ಮಗುವಿನಲ್ಲಿ ಹೊಸದಾಗಿ ಉಂಟಾಗಿರುತ್ತದೆ. ತಾಯಿ ತಿಂದದ್ದು, ನೋಡಿದ್ದು, ಮಾಡಿದ್ದು ಯಾವುದೂ ಇದಕ್ಕೆ ಕಾರಣವಲ್ಲ. ಈ ವಿವರಣೆಯನ್ನು ವೈದ್ಯರು ತಾಯಿಯೊಬ್ಬಳಿಗೇ ಹೇಳದೆ ಅತ್ತೆ-ಮಾವನವರನ್ನೂ ಕೂರಿಸಿಕೊಂಡು ಕನ್ನಡದಲ್ಲಿ ಹೇಳಿದ್ದು ಯಾವ ಔಷಧಕ್ಕೂ ಕಡಿಮೆಯಿಲ್ಲದ ಉಪಕಾರ, ಏಕೆಂದರೆ ದೂರಿಗೆ ಗುರಿಯಾದ ತಾಯಿ ರಾತ್ರಿಯೆಲ್ಲ ಎಚ್ಚರವಿದ್ದು ಮಗುವನ್ನು ಕಾಯುವ ಬಲವನ್ನು ಎಲ್ಲಿಂದ ತಂದಾಳು?

ಎಲ್ಲಕ್ಕಿಂತ ಕಠಿಣವಾದ ನಿರ್ಧಾರ ಒಂದು ಕಣ್ಣನ್ನು ತೆಗೆಯುವುದಾಗಿತ್ತು. ಈ ರೋಗದಲ್ಲಿ ಮೊದಲು ಜೀವ, ಆಮೇಲೆ ಕಣ್ಣು, ಕೊನೆಗೆ ದೃಷ್ಟಿ ಎಂಬ ಕ್ರಮವನ್ನು ವೈದ್ಯರು ಪಾಲಿಸುತ್ತಾರೆ. ಗಡ್ಡೆಯಿಂದ ತುಂಬಿಹೋದ ಕಣ್ಣನ್ನು ಉಳಿಸಿಕೊಂಡರೆ ರೋಗವು ಕಣ್ಣಿನ ನರದ ಹಾದಿಯಲ್ಲಿ ಮೆದುಳನ್ನು ಸೇರಬಲ್ಲದು. ಹೆಣ್ಣುಮಗು, ನಾಳೆ ಮದುವೆಯ ಮಾತು ಬಂದಾಗ ಏನು ಗತಿ ಎಂಬ ಕೊರಗು ಹಿರಿಯರನ್ನು ಕಾಡಿದ್ದು ಸಹಜವೇ. ಅದನ್ನು ಮೌಢ್ಯವೆಂದು ತಳ್ಳಿಹಾಕಿದರೆ ಅವರು ಮೌನವಾಗುತ್ತಾರೆ, ಮೌನವಾದವರು ಎರಡನೆಯ ಅಭಿಪ್ರಾಯ, ನಾಟಿ ಔಷಧ ಎಂದು ದಿನ ಮುಂದೂಡುತ್ತಾರೆ. ಕೃತಕ ಕಣ್ಣನ್ನು ಧರಿಸಿದ ಒಂದು ದೊಡ್ಡ ಮಗುವನ್ನು ಹೊರರೋಗಿ ವಿಭಾಗದಲ್ಲಿ ಕಂಡು, ಆ ಮಗುವಿನ ತಾಯಿಯೊಡನೆ ಮಾತನಾಡಿದ ಬಳಿಕವೇ ಮನೆಯ ತಾತನವರು ಒಪ್ಪಿದರು, ಅದೂ ಯಾರ ಒತ್ತಾಯವೂ ಇಲ್ಲದೆ. ಇದೇ ದಾರಿಯಲ್ಲಿ ಮುಂದೆ ಹೋಗಿರುವ ಕುಟುಂಬದ ಮಾತಿಗೆ ಇರುವ ತೂಕ ಯಾವ ಕರಪತ್ರಕ್ಕೂ ಇರುವುದಿಲ್ಲ.

ಇನ್ನೊಂದು ಕಣ್ಣನ್ನು ಉಳಿಸಿಕೊಳ್ಳಲು ಲೇಸರ್‌ನ ಜೊತೆಗೆ ಕೀಮೋ, ಅಂದರೆ ಕೋಶಗಳ ಬೆಳವಣಿಗೆಯನ್ನು ತಡೆಯುವ ಔಷಧಗಳ ಚಿಕಿತ್ಸೆ, ನಡೆಯಿತು. ಇದರಲ್ಲಿ ವಿನ್‌ಕ್ರಿಸ್ಟೀನ್, ಎಟೊಪೊಸೈಡ್, ಕಾರ್ಬೊಪ್ಲಾಟಿನ್ ಎಂಬ ಮೂರು ಔಷಧಗಳನ್ನು ಕೂಡಿಸಿ ಕೊಡುವುದು ರೂಢಿ. ಬನಶಂಕರಿಯ ಕಾಂಪೌಂಡುಗಳಲ್ಲಿ ವರ್ಷವಿಡೀ ಅರಳುವ ಕಾಶಿ ಕಣಗಿಲೆಯೇ ವಿನ್‌ಕ್ರಿಸ್ಟೀನಿನ ಮೂಲವೆಂದು ತಿಳಿದಾಗ ಗಿಡದ ಎಲೆಯ ಕಷಾಯವನ್ನೇ ಕುಡಿಸಬಾರದೇಕೆ ಎಂಬ ಸಲಹೆಯೂ ಬಂದಿತು. ಎಲೆಯಲ್ಲಿ ಆ ಔಷಧವಿರುವುದು ಅತ್ಯಲ್ಪ, ಜೊತೆಗಿರುವ ವಿಷಾಂಶಗಳು ಹಲವು, ಆದ್ದರಿಂದ ಕಷಾಯವು ಮಗುವಿಗೆ ಅಪಾಯವನ್ನಷ್ಟೇ ತರಬಲ್ಲದು.

ಕೀಮೋ ಆದ ಒಂದು-ಎರಡು ವಾರಗಳ ನಡುವೆ ಸೋಂಕಿನೊಡನೆ ಸೆಣಸುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕುಸಿಯುತ್ತವೆ. ಪೋಷಕರ ಬಾಯಲ್ಲಿ ಇದು 'ಕೌಂಟ್ ಇಳಿದಿದೆ' ಎಂದಾಗುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅವು 500ಕ್ಕಿಂತ ಕಡಿಮೆಯಾಗಿರುವಾಗ ಬರುವ ಜ್ವರವು ಮಾಮೂಲಿ ಜ್ವರವಲ್ಲ, ತುರ್ತುಸ್ಥಿತಿ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, ಕೇಳದೆ ಪ್ಯಾರಾಸಿಟಮಾಲ್ ಕೊಟ್ಟು ಜ್ವರವನ್ನು ಮರೆಸುವಂತಿಲ್ಲ, ಆಸ್ಪತ್ರೆ ತಲುಪಿ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ರಕ್ತಕ್ಕೆ ಸೇರಬೇಕು. ಹೊಸೂರು ರಸ್ತೆಯ ಕಡೆಗಿರುವ ಆಸ್ಪತ್ರೆಗೆ ಬನಶಂಕರಿಯಿಂದ ಸಂಜೆಯ ಹೊತ್ತಿನಲ್ಲಿ ಹೋಗುವುದೆಂದರೆ ಟ್ರಾಫಿಕ್ಕಿನ ಲೆಕ್ಕಾಚಾರವೂ ಚಿಕಿತ್ಸೆಯ ಭಾಗವೇ. ಜಯನಗರ ನಾಲ್ಕನೇ ಬ್ಲಾಕಿನ ದಾರಿಯೋ ಜಯದೇವ ಜಂಕ್ಷನ್ನಿನ ದಾರಿಯೋ ಎಂಬುದನ್ನು ಮೊದಲೇ ಯೋಚಿಸಿಡುವುದು, ಬಟ್ಟೆ, ಫೈಲು, ಹಾಲಿನ ಲೋಟ, ಕಾರ್ಡುಗಳಿರುವ ಚೀಲವನ್ನು ಬಾಗಿಲ ಹಿಂದೆ ಸಿದ್ಧವಾಗಿಡುವುದು, ಯಾವ ದಿನ ಯಾವ ಔಷಧ, ಯಾವ ದಿನ ಎಷ್ಟು ಕೌಂಟ್ ಎಂಬುದನ್ನು ಒಬ್ಬರೇ ಒಂದೇ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಈ ಮನೆಯವರ ಅಭ್ಯಾಸವಾಯಿತು. ಆ ಪುಸ್ತಕದಿಂದಾಗಿ ರಾತ್ರಿಪಾಳಿಯ ಹೊಸ ವೈದ್ಯರಿಗೂ ಇಡೀ ಸ್ಥಿತಿ ಕ್ಷಣಮಾತ್ರದಲ್ಲಿ ತಿಳಿಯುತ್ತಿತ್ತು.

ಕೂಡುಕುಟುಂಬದಲ್ಲಿ ಪ್ರೀತಿಯ ರೂಢಿಗಳೇ ಈ ಕಾಲದಲ್ಲಿ ತಿದ್ದುಪಡಿಯನ್ನು ಬೇಡುತ್ತವೆ, ಮತ್ತು ಆ ತಿದ್ದುಪಡಿ ಪ್ರೀತಿಯನ್ನು ಗಾಯಗೊಳಿಸದಂತೆ ನಡೆಯಬೇಕಾಗುತ್ತದೆ. ಮಂಗಳವಾರ, ಶುಕ್ರವಾರ, ಭಾನುವಾರಗಳ ರಾಹುಕಾಲದಲ್ಲಿ ಬನಶಂಕರಿ ಅಮ್ಮನ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವವರ ನೂಕುನುಗ್ಗಲು ಎಲ್ಲರಿಗೂ ಗೊತ್ತಿರುವುದೇ. ಮಗುವಿಗಾಗಿ ಹರಕೆ ಹೊತ್ತ ಅಜ್ಜಿಯನ್ನು ಯಾರೂ ತಡೆಯಲಿಲ್ಲ, ಜನ ಕಡಿಮೆಯಿರುವ ಹೊತ್ತಿನಲ್ಲಿ ಹೋಗಿ ಬಂದು, ಸ್ನಾನ ಮಾಡಿ, ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳುವ ಕ್ರಮವನ್ನು ಅವರೇ ಮಡಿಯಷ್ಟು ಕಟ್ಟುನಿಟ್ಟಾಗಿ ರೂಢಿಸಿಕೊಂಡರು. ತೀರ್ಥ, ಹಸಿ ಹಣ್ಣಿನ ರಸಾಯನ, ನಿನ್ನೆಯ ಹಾಲು ಇವು ಮಗುವಿನ ಬಾಯಿಗೆ ಹೋಗಲಿಲ್ಲ. ಆಗತಾನೇ ಕಾಯಿಸಿದ ರಾಗಿ ಸರಿ ಮತ್ತು ತಾಯಿಯ ಹಾಲು ಸಾಕಾದವು. ಕೀಮೋ ಆದ ಎರಡು ದಿನ ಮೂತ್ರದಲ್ಲೂ ಔಷಧದ ಅಂಶವಿರುವುದರಿಂದ ಡೈಪರ್ ಬದಲಿಸುವವರು ಕೈಗವಸು ಹಾಕಿಕೊಳ್ಳಬೇಕಾಗಿತ್ತು. ಪಲ್ಸ್ ಪೋಲಿಯೋ ಹನಿ ಹಾಕಲು ಬಾಗಿಲಿಗೆ ಬಂದವರಿಗೂ ಪರಿಸ್ಥಿತಿಯನ್ನು ವಿವರಿಸಬೇಕಾಯಿತು, ಏಕೆಂದರೆ ಜೀವಂತ ರೋಗಾಣುವನ್ನು ದುರ್ಬಲಗೊಳಿಸಿ ತಯಾರಿಸಿದ ಲಸಿಕೆಗಳನ್ನು ಕೀಮೋ ಕಾಲದಲ್ಲಿ ಮಗುವಿಗೆ ಹಾಕುವಂತಿಲ್ಲ.

ಮನೆದೇವರಿಗೆ ಮಗುವಿನ ಮೊದಲ ಮುಡಿ ಕೊಡಬೇಕೆಂಬ ಸಂಕಲ್ಪವಿದ್ದ ಮನೆಯಲ್ಲಿ, ಔಷಧದಿಂದ ಕೂದಲು ದಿಂಬಿನ ಮೇಲೆ ಉದುರತೊಡಗಿದ್ದು ಕಣ್ಣು ತೆಗೆದದ್ದಕ್ಕಿಂತ ಹೆಚ್ಚಾಗಿ ಅಜ್ಜಿಯನ್ನು ಅಳಿಸಿತು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಇಳಿದಿರುವಾಗ ತಲೆಗೆ ಕತ್ತಿ ತಾಗಿಸುವುದು ಅಪಾಯವೆಂದು ವೈದ್ಯರು ಹೇಳಿದರು; ಹೊಸದಾಗಿ ಬಂದ ಕೂದಲನ್ನೇ ಒಪ್ಪಿಸಿದರೆ ಸಾಕೆಂದು ಪುರೋಹಿತರು ಹೇಳಿದರು. ಹೀಗೆ ಎರಡು ಕಡೆಯ ಮಾತೂ ಒಂದಕ್ಕೊಂದು ಹೊಂದಿಕೊಳ್ಳುವಂತೆ ಮಾಡಿಕೊಂಡ ಕುಟುಂಬಗಳೇ ಚಿಕಿತ್ಸೆಯನ್ನು ನಡುವೆ ಕೈಬಿಡದೆ ಮುಗಿಸಬಲ್ಲವು.

ಹಣದ ವಿಷಯದಲ್ಲಿ, 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಯೂ, ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಭರಿಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯೂ ಇದೇ ನಗರದಲ್ಲಿ ದೊರೆಯುವುದರಿಂದ, ಸಾಲ ಮಾಡುವ ಮೊದಲು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕಾಣುವುದು ಲೇಸು.

ಕೀಮೋ ಮುಗಿದರೂ ಅರಿವಳಿಕೆ ಕೊಟ್ಟು ಕಣ್ಣನ್ನು ಪರೀಕ್ಷಿಸುವ ಕ್ರಮ ವರ್ಷಗಟ್ಟಲೆ ಮುಂದುವರಿಯುತ್ತದೆ. ಅರಿವಳಿಕೆಗೆ ಮುನ್ನ ನಾಲ್ಕು ಗಂಟೆ ಎದೆಹಾಲನ್ನೂ ಕೊಡುವಂತಿಲ್ಲವಾದ್ದರಿಂದ ಆ ಬೆಳಗಿನ ಜಾವ ಮಗುವನ್ನು ಹಾಲಿನ ವಾಸನೆ ತಾಗದಂತೆ ತಂದೆಯೇ ಹೆಗಲ ಮೇಲೆ ಹಾಕಿಕೊಂಡು ಅಡ್ಡಾಡಿಸುತ್ತಿದ್ದರು. ಉಳಿದ ಕಣ್ಣಿಗೆ ಪೆಟ್ಟಾಗದಂತೆ ಪಾಲಿಕಾರ್ಬೊನೇಟ್ ಕನ್ನಡಕ, ಮುಖ ಬೆಳೆದಂತೆ ಬದಲಿಸಬೇಕಾದ ಕೃತಕ ಕಣ್ಣು, ಕಾರ್ಬೊಪ್ಲಾಟಿನ್ ಶ್ರವಣಕ್ಕೆ ಹಾನಿ ಮಾಡಬಲ್ಲದಾದ್ದರಿಂದ ಕಾಲಕಾಲಕ್ಕೆ ಕಿವಿಯ ಪರೀಕ್ಷೆ ಇವೆಲ್ಲ ಚೇತರಿಕೆಯ ಅಂಗಗಳೇ. ಆನುವಂಶಿಕ ರೂಪದ, ಅಂದರೆ ಜೀನಿನ ಒಂದು ಪ್ರತಿ ಹುಟ್ಟುವಾಗಲೇ ಕೆಟ್ಟಿರುವ, ಈ ರೋಗವಿದ್ದವರಿಗೆ ಮುಂದೆ ಬೇರೆ ಕ್ಯಾನ್ಸರ್ ಬರುವ ಸಾಧ್ಯತೆಯೂ, ಅವರ ಪ್ರತಿಯೊಂದು ಮಗುವಿಗೆ ಕೆಟ್ಟ ಜೀನು ಸಾಗುವ ಸಾಧ್ಯತೆ ಶೇಕಡಾ 50ರಷ್ಟೂ ಇರುತ್ತದೆ. ಆದಕಾರಣ ಈ ತಂದೆ-ತಾಯಿ ಜೀನ್ ಪರೀಕ್ಷೆಯ ವರದಿ, ಕೊಟ್ಟ ಔಷಧಗಳ ಪ್ರಮಾಣ, ಶಸ್ತ್ರಚಿಕಿತ್ಸೆಯ ವಿವರ ಎಲ್ಲವನ್ನೂ ಮಗಳ ಹೆಸರಿನ ಪ್ರತ್ಯೇಕ ಫೈಲಿನಲ್ಲಿ ಇರಿಸಿದ್ದು, ತನಗೇನಾಗಿತ್ತೆಂದು ಅವಳು ಕೇಳುವ ವಯಸ್ಸಿನಿಂದಲೇ ಅವಳಿಗೆ ಅರ್ಥವಾಗುವಷ್ಟನ್ನು ಹೇಳುತ್ತ ಬಂದು, ಪ್ರಾಯಕ್ಕೆ ಬಂದಾಗ ಆ ಫೈಲನ್ನು ಅವಳ ಕೈಗೇ ಕೊಡಲು ನಿಶ್ಚಯಿಸಿದ್ದಾರೆ.