ಹಗೇವಿನ ಬಾಯಿ: ಪಾತ್ರದಾಟಕ್ಕೆ ಮೊದಲ ಬಲೆ ಹೆಣೆಯುವ ಬಗೆ

ಸೊರಬದ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಅಂಥ ಸಂಜೆಗೆ ಹೇಳಿ ಮಾಡಿಸಿದಂತಿರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮಾದರಿಯ ಪಾತ್ರದಾಟ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಆಟ ಅದು. ತಾಳಮದ್ದಳೆ ಕೇಳಿ ಬೆಳೆದವರಿಗೆ ಅದರ ಬಗೆ ಪರಿಚಿತವೇ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಿಂದ ಪಾತ್ರ ಕಟ್ಟುವುದು. ಭಾಗವತರ ಜಾಗದಲ್ಲಿ ಗೇಮ್ ಮಾಸ್ಟರ್, ಅರ್ಥಧಾರಿಗಳ ಜಾಗದಲ್ಲಿ ಆಟಗಾರರು. ಇಲ್ಲಿ ಕಥೆಯ ಕೊನೆ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಅನುಮಾನ ಬಂದ ಕಡೆ ದಾಳ ತೀರ್ಮಾನ ಹೇಳುತ್ತದೆ.

ಹೊಸದಾಗಿ ಆಟ ನಡೆಸುವವರು ಹೆಚ್ಚಾಗಿ ಎಡವುವುದು ಬಲೆಗಳಲ್ಲಿ. "ಕಾಲಿಟ್ಟಿರಿ, ಗುಂಡಿಗೆ ಬಿದ್ದಿರಿ, ಸತ್ತಿರಿ" ಎಂದರೆ ಆಟಗಾರರಿಗೆ ಮಾಡಲು ಏನೂ ಉಳಿಯುವುದಿಲ್ಲ. ಒಳ್ಳೆಯ ಬಲೆ ಒಗಟಿನ ಹಾಗೆ. ಒಗಟಿನ ಉತ್ತರ ಒಗಟಿನ ಮಾತಿನಲ್ಲೇ ಅಡಗಿರುತ್ತದೆ. ಬೆಡಗಿನ ವಚನಗಳ ಅಲ್ಲಮಪ್ರಭು ಹುಟ್ಟಿದ ಬಳ್ಳಿಗಾವಿ ಶಿಕಾರಿಪುರ ತಾಲ್ಲೂಕಿನದೇ. ಮೇಲೆ ಒಂದು ಮಾತು, ಒಳಗೆ ಇನ್ನೊಂದು ಅರ್ಥ ಎಂಬ ಆ ಕುಶಲತೆಯ ಒಂದು ಕಣವಾದರೂ ನಮ್ಮ ಬಲೆಯಲ್ಲಿರಲಿ.

ಬೇಕಾದ ಸಾಮಾನು: ಮೂರರಿಂದ ಐದು ಆಟಗಾರರು, ಹಾಳೆ, ಪೆನ್ಸಿಲ್, ಇಪ್ಪತ್ತು ಮುಖದ ಒಂದು ದಾಳ, ಆರು ಮುಖದ ಒಂದು ದಾಳ. ಇಪ್ಪತ್ತು ಮುಖದ್ದು ಸಿಗದಿದ್ದರೆ 1ರಿಂದ 20ರವರೆಗೆ ಚೀಟಿ ಬರೆದು ಡಬ್ಬಿಗೆ ಹಾಕಿ. ಎತ್ತಿದ ಚೀಟಿಯನ್ನು ಪ್ರತಿ ಸಲವೂ ವಾಪಸ್ ಹಾಕಿದರೆ ಲೆಕ್ಕ ದಾಳದ್ದೇ.

ಹಂತ 1: ಇಟ್ಟವರು ಯಾರೆಂದು ಗೊತ್ತುಮಾಡಿಕೊಳ್ಳಿ

ಬಲೆ ತಾನಾಗಿ ಹುಟ್ಟುವುದಿಲ್ಲ. ಯಾರೋ, ಯಾವುದೋ ಭಯಕ್ಕೆ ಇಟ್ಟಿರುತ್ತಾರೆ. ತಾಳಗುಂದದ ಸ್ತಂಭಶಾಸನ ಹೇಳುವ ಮಯೂರಶರ್ಮನ ಕಥೆಯನ್ನೇ ನೋಡಿ. ಅಜ್ಜ ವೀರಶರ್ಮನ ಜೊತೆ ಓದಲು ಕಂಚಿಗೆ ಹೋದವನು ಪಲ್ಲವರ ಕುದುರೆಯವನೊಡನೆ ಜಗಳವಾಗಿ ಕತ್ತಿ ಹಿಡಿದ. ಶ್ರೀಪರ್ವತದ ಕಾಡು ಸೇರಿ ದೊಡ್ಡ ರಾಜ್ಯವನ್ನೇ ಕಾಡಿದ. ಚಿಕ್ಕ ದಂಡು ದೊಡ್ಡ ದಂಡನ್ನು ಬಯಲಲ್ಲಿ ಎದುರಿಸಲಾರದು. ಅದಕ್ಕೆ ಜಾಗದ ಬಲ ಬೇಕು. ಬಲೆಯೂ ಹಾಗೆಯೇ, ಬಲ ಕಡಿಮೆ ಇದ್ದವರ ಆಯುಧ.

ನಮ್ಮ ಉದಾಹರಣೆಗೆ ಒಬ್ಬ ಉಗ್ರಾಣದವನನ್ನು ಕಲ್ಪಿಸಿಕೊಳ್ಳೋಣ. ಶತ್ರು ಕೋಟೆಬಾಗಿಲಿಗೆ ಬಂದಿದ್ದಾನೆ. ಕಣಜದ ಕೋಣೆಯ ಆಚೆ ತಾಮ್ರಪಟಗಳ ಪೆಟ್ಟಿಗೆ ಇದೆ. ಒಬ್ಬನೇ ಮನುಷ್ಯ ಅದನ್ನು ಕಾಯಬೇಕು.

ಹಂತ 2: ಕಂಡ ಜಾಗದಿಂದ ನಕ್ಷೆ ತೆಗೆಯಿರಿ

ಯುರೋಪಿನ ನೆಲಮಾಳಿಗೆಯನ್ನು ಕಲ್ಪಿಸಲು ಕಷ್ಟಪಡಬೇಡಿ. ಚಂದ್ರಗುತ್ತಿ ಬೆಟ್ಟ ಹತ್ತಿದವರಿಗೆ ಹಾಳುಕೋಟೆಯ ಗೋಡೆ, ಬಂಡೆಯ ಸಂದು, ಜಾರುವ ಮೆಟ್ಟಿಲು ಯಾವುದನ್ನೂ ವಿವರಿಸಬೇಕಿಲ್ಲ. ಬಳ್ಳಿಗಾವಿಯ ಕೇದಾರೇಶ್ವರ ತ್ರಿಕೂಟ ದೇವಾಲಯ. ನಡುವೆ ಒಂದು ಮಂಟಪ, ಮೂರು ದಿಕ್ಕಿಗೆ ಮೂರು ಗರ್ಭಗುಡಿಯ ಬಾಗಿಲು ಎಂಬ ವಿನ್ಯಾಸ ಆಟಕ್ಕೆ ತುಂಬ ಒದಗುತ್ತದೆ. ಆದರೆ ಜನ ಕೈಮುಗಿಯುವ ಗುಡಿಯನ್ನೇ ಆಟದ ಬಲೆ ಮಾಡಬೇಡಿ. ವಿನ್ಯಾಸವನ್ನಷ್ಟೇ ತೆಗೆದುಕೊಂಡು ಊರಿಗೆ ಬೇರೆ ಹೆಸರಿಡಿ.

ನಮ್ಮ ಬಲೆಗೆ ಜಾಗ ಹಗೇವು. ಬಯಲುಸೀಮೆಯ ಹಳೆಯ ಊರುಗಳಲ್ಲಿ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ ಅದು. ಬಾಯಿ ಕಿರಿದು, ಹೊಟ್ಟೆ ಅಗಲ. ಕಾಳೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ತಗ್ಗಿ, ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ. ಬಾಯಿ ತೆರೆದ ಕೂಡಲೇ ಇಳಿದವರು ಉಸಿರುಗಟ್ಟಿ ಬೀಳುತ್ತಾರೆ.

ಹಂತ 3: ಬಲೆ ನಡೆಯುವ ಬಗೆಯನ್ನು ಎರಡು ಸಾಲಿನಲ್ಲಿ ಬರೆಯಿರಿ

"ಹಗೇವಿನ ಬಾಯಿಗೆ ಮುಚ್ಚಿದ ಚಪ್ಪಡಿಯ ಕೆಳಗಿನ ತೊಲೆಯನ್ನು ಅರ್ಧ ಕೊಯ್ದಿದೆ. ಆಳು ಮೇಲೆ ನಿಂತರೆ ತೊಲೆ ಮುರಿದು ಚಪ್ಪಡಿ ಸಹಿತ ಹತ್ತಡಿ ಕೆಳಗೆ." ಎರಡು ಸಾಲಿಗೆ ಹಿಡಿಸದ ಬಲೆ ಆಟದ ಹೊತ್ತಿಗೆ ನಿಮಗೇ ನೆನಪಿರುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ಮರೆಯದೆ ಕೇಳಿಕೊಳ್ಳಿ: ಇಟ್ಟವನು ತಾನು ಹೇಗೆ ದಾಟುತ್ತಿದ್ದ? ನಮ್ಮ ಉಗ್ರಾಣದವನು ಗೋಡೆಯ ಗೂಟ ಹಿಡಿದು ಅಂಚಿನ ಮೇಲೆ ನಡೆಯುತ್ತಿದ್ದ. ಗೂಟ ಕೈತಾಗಿ ಸವೆದು ನುಣುಪಾಗಿದೆ. ಈ ಒಂದು ಉತ್ತರದಿಂದ ಸುಳಿವೂ ಸಿಕ್ಕಿತು, ದಾರಿಯೂ ಸಿಕ್ಕಿತು.

ಹಂತ 4: ಮೂರು ಸುಳಿವು ಇಡಿ

ಒಂದು ಸುಳಿವನ್ನು ಆಟಗಾರರು ಕೇಳಿಸಿಕೊಳ್ಳುವುದಿಲ್ಲ, ಇನ್ನೊಂದನ್ನು ತಪ್ಪು ತಿಳಿಯುತ್ತಾರೆ. ಅದಕ್ಕೇ ಮೂರು. ಕಣ್ಣಿಗೊಂದು: ಎಲ್ಲ ಕಲ್ಲಿಗೂ ಪಾಚಿ ಇದೆ, ಈ ಚಪ್ಪಡಿಯ ಸುತ್ತ ಮಾತ್ರ ಮಣ್ಣು ಮೆತ್ತಿದ ಗೆರೆ. ಕಿವಿಗೊಂದು: ಕುಟ್ಟಿದರೆ ಟೊಳ್ಳು ಸದ್ದು. ಕೈಗೊಂದು: ಆ ನುಣುಪಾದ ಗೂಟ. ಮೊದಲನೆಯದನ್ನು ಯಾರೂ ಕೇಳದಿದ್ದರೂ ನೀವೇ ಹೇಳಿ.

ಹಂತ 5: ಪಾರಾಗಲು ಹಲವು ದಾರಿ ಬಿಡಿ

ಗೂಟ ಹಿಡಿದು ದಾಟಬಹುದು, ಹಲಗೆ ಹಾಕಬಹುದು, ಕಲ್ಲುಗುಂಡು ಉರುಳಿಸಿ ಚಪ್ಪಡಿಯನ್ನು ಮೊದಲೇ ಬೀಳಿಸಬಹುದು. ನೀವು ಎಣಿಸದ ನಾಲ್ಕನೆಯ ಉಪಾಯ ಆಟಗಾರರು ತಂದರೆ, ಅದು ಹೊಂದುವಂತಿದ್ದರೆ, ಒಪ್ಪಿಬಿಡಿ. ಅವರು ನಿಮ್ಮ ಕಥೆಯನ್ನು ನಂಬಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ.

ಹಂತ 6: ದಾಳದ ಲೆಕ್ಕ ತಿಳಿದಿರಲಿ

ಇಪ್ಪತ್ತು ಮುಖದ ದಾಳದಲ್ಲಿ 10 ಅಥವಾ ಹೆಚ್ಚು ಬೀಳುವ ಸಾಧ್ಯತೆ ನೂರಕ್ಕೆ 55. 15 ಅಥವಾ ಹೆಚ್ಚು ಬೀಳುವುದು ನೂರಕ್ಕೆ 30. 15 ಬೇಕಾದ ಕೆಲಸವನ್ನು ಮೂವರು ಪ್ರಯತ್ನಿಸಿ ಒಬ್ಬರು ಗೆದ್ದರೆ ಸಾಕು ಎಂದರೆ ಗೆಲುವು ಸುಮಾರು 66ಕ್ಕೆ ಏರುತ್ತದೆ. 10 ಬೇಕಾದ ಸುಲಭದ ಕೆಲಸವನ್ನೂ ಮೂವರೂ ಗೆಲ್ಲಲೇಬೇಕು ಎಂದರೆ ಅದು ಸುಮಾರು 17ಕ್ಕೆ ಇಳಿಯುತ್ತದೆ. ಅಂಕಿಯೊಂದೇ ಅಲ್ಲ, ಎಷ್ಟು ಜನ ಗೆಲ್ಲಬೇಕು ಎಂಬುದೂ ಕಷ್ಟವನ್ನು ನಿರ್ಧರಿಸುತ್ತದೆ. ಗೂಟ ಹಿಡಿದು ದಾಟಲು 10 ಇಡಿ; ಜಾರಿದವರನ್ನು ಪಕ್ಕದವರು ಹಿಡಿಯಲು ಒಂದು ಅವಕಾಶ ಕೊಡಿ.

ಹಂತ 7: ಬಿದ್ದ ಮೇಲೂ ಆಟ ನಡೆಯಲಿ

ಗೈಗ್ಯಾಕ್ಸ್ 1975ರಲ್ಲಿ ಪಂದ್ಯಕ್ಕೆಂದು ಬರೆದ 'ಟೂಂಬ್ ಆಫ್ ಹಾರರ್ಸ್' ಎಂಬ ಸಾಹಸ 1978ರಲ್ಲಿ ಅಚ್ಚಾಯಿತು. ಅದರಲ್ಲೊಂದು ಹಸಿರು ಮುಖವಿದೆ. ಅದರ ತೆರೆದ ಬಾಯೊಳಗೆ ಹೊಕ್ಕವರು ಇಲ್ಲವಾಗುತ್ತಾರೆ. ಅದು ಪಳಗಿದ ಆಟಗಾರರನ್ನು ಪರೀಕ್ಷಿಸಲು ಬರೆದದ್ದು. ಮೊದಲ ಆಟಕ್ಕೆ ಅದು ಮಾದರಿಯಲ್ಲ.

ಹತ್ತಡಿ ಬಿದ್ದರೆ ಆರು ಮುಖದ ದಾಳ ಒಮ್ಮೆ ಹಾಕಿ, ಬಿದ್ದ ಅಂಕಿಯಷ್ಟು ಪೆಟ್ಟು ಕೊಡಿ. ಕೆಳಗೆ ದೀಪ ಆರುತ್ತದೆ, ಉಸಿರು ಹಿಡಿದಿಡಲು ಮೂರು ಸರದಿ ಮಾತ್ರ. ಈಗ ಮೇಲಿನವರಿಗೂ ಕೆಲಸ ಬಂತು: ಹಗ್ಗ ಎಲ್ಲಿ, ಯಾರು ಎಳೆಯುತ್ತಾರೆ? ಹಗೇವಿನ ಗೋಡೆಯಲ್ಲಿ ಉಗ್ರಾಣದವನು ಗೀಚಿದ ಗುರುತೊಂದು ಕೈಗೆ ಸಿಗಲಿ. ಬಿದ್ದವರು ನೋವಿನ ಜೊತೆಗೆ ಏನಾದರೂ ತಿಳಿದುಕೊಂಡು ಮೇಲೆ ಬರಲಿ.

ಹಂತ 8: ಹೇಳುವ ಬಗೆ

ನಮ್ಮ ಜಗಲಿಯಲ್ಲಿ ಈ ಬಲೆ ನಡೆದದ್ದು ಹೀಗೆ.

"ಕೋಣೆ ನಡುವೆ ಒಂದು ಚಪ್ಪಡಿ. ಸುತ್ತ ಮಣ್ಣು ಮೆತ್ತಿದ ಗೆರೆ ಇದೆ," ಎಂದೆ.

"ಅಣ್ಣಾ, ನಾನು ಕೋಲಲ್ಲಿ ಕುಟ್ಟಿ ನೋಡ್ತೀನಿ," ಎಂದಳು ತಂಗಿ.

"ಡಬ್ ಅಂತು. ಕೆಳಗೆ ಟೊಳ್ಳು."

"ಹಂಗಾದ್ರೆ ಯಾರೂ ಕಾಲಿಡ್ಬೇಡಿ. ಸಂದಿಗೆ ಹಾರೆ ಹಾಕಿ ಸರಿಸಿ, ಕಂದೀಲು ಹಗ್ಗಕ್ಕೆ ಕಟ್ಟಿ ಇಳಿಸ್ತೀನಿ."

"ಅರ್ಧ ಇಳಿಯೋದ್ರಲ್ಲಿ ದೀಪ ಸಣ್ಣಗಾಯ್ತು. ಆಮೇಲೆ ಆರಿಹೋಯ್ತು."

ಜಗಲಿಯಲ್ಲಿ ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ಒಂದು ಸಲವೂ ದಾಳ ಹಾಕಿರಲಿಲ್ಲ. ಯೋಚಿಸಿ ಕೇಳಿದವರಿಗೆ ಉತ್ತರವನ್ನು ನೇರವಾಗಿ ಕೊಡಿ. ದಾಳವನ್ನು ಅನುಮಾನಕ್ಕೆ ಉಳಿಸಿ. ಪ್ರತಿ ಸಲ "ಏನು ಮಾಡ್ತೀರಿ?" ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ.

ಒಂದು ಎಚ್ಚರಿಕೆಯ ಮಾತು. ಇದು ಆಟ. ನಿಜವಾದ ಹಳೆಯ ಹಗೇವಿಗಾಗಲಿ ಪಾಳುಬಾವಿಗಾಗಲಿ ದೀಪ ಉರಿಯಿತೆಂದು ನಂಬಿ ಯಾರೂ ಇಳಿಯಬಾರದು. ಮಕ್ಕಳು ಆಡುವಾಗ ಇದನ್ನು ಮೊದಲೇ ಹೇಳಿಬಿಡಿ.

ಹಂತ 9: ಆಡಿದ ಮೇಲೆ ತಿದ್ದಿ

ಆಟ ಮುಗಿದಾಗ ಬಿದ್ದವರ ಮಾತು ಕೇಳಿ. "ಛೆ, ಸುಳಿವು ಕಣ್ಣೆದುರೇ ಇತ್ತಲ್ಲ!" ಎಂದರೆ ಬಲೆ ಸರಿಯಾಗಿದೆ. "ಇದು ಮೋಸ" ಎಂದರೆ ತಪ್ಪು ನಿಮ್ಮದು. ಮುಂದಿನ ಸಲಕ್ಕೆ ಇನ್ನೊಂದು ಸುಳಿವು ಸೇರಿಸಿ.