ಕನ್ನಡಿ ಬೇಡದ ಕ್ಯಾಮೆರಾ: ಹೊಸಬರಿಗೊಂದು ಪರಿಚಯ

ಡಿಎಸ್‌ಎಲ್‌ಆರ್ ಕ್ಯಾಮೆರಾದ ಲೆನ್ಸ್ ಕಳಚಿ ಒಳಗೆ ಇಣುಕಿದರೆ ಮೊದಲು ಕಾಣುವುದು ಓರೆಯಾಗಿ ಕೂತ ಒಂದು ಚಿಕ್ಕ ಕನ್ನಡಿ. ಲೆನ್ಸಿನಿಂದ ಬಂದ ಬೆಳಕು 45 ಡಿಗ್ರಿ ಕೋನದಲ್ಲಿ ನಿಂತ ಈ ಕನ್ನಡಿಗೆ ಬಡಿದು ಮೇಲಕ್ಕೆ ತಿರುಗುತ್ತದೆ. ಕ್ಯಾಮೆರಾದ ನೆತ್ತಿ ಉಬ್ಬಿಕೊಂಡಿರುತ್ತದಲ್ಲ, ಅಲ್ಲಿ ಪೆಂಟಾಪ್ರಿಸಂ ಎಂಬ ಗಾಜಿನ ಗಟ್ಟಿ ಇರುತ್ತದೆ. ಅಗ್ಗದ ಮಾದರಿಗಳಲ್ಲಿ ಅದರ ಬದಲು ಕನ್ನಡಿಗಳ ಜೋಡಣೆ. ಎಡಬಲ ಅದಲುಬದಲಾದ ಬಿಂಬವನ್ನು ಅದು ಸರಿಪಡಿಸಿ ನಿಮ್ಮ ಕಣ್ಣಿಗೆ ಮುಟ್ಟಿಸುತ್ತದೆ. ಗುಂಡಿ ಒತ್ತಿದ ಕ್ಷಣ ಕನ್ನಡಿ ಮೇಲಕ್ಕೆ ಹಾರುತ್ತದೆ, ಶಟರ್ ತೆರೆಯುತ್ತದೆ, ಬೆಳಕು ಹಿಂದಿನ ಸೆನ್ಸರ್ ಮೇಲೆ ಬೀಳುತ್ತದೆ, ಕನ್ನಡಿ ಮತ್ತೆ ಕೆಳಗಿಳಿಯುತ್ತದೆ. ನೀವು ಕೇಳುವ ಆ ಗಟ್ಟಿ ‘ಟಪ್’ ಸದ್ದಿನಲ್ಲಿ ಕನ್ನಡಿಯದೇ ದೊಡ್ಡ ಪಾಲು.

ಇಷ್ಟೆಲ್ಲ ಏರ್ಪಾಟು ಯಾಕೆ ಬೇಕಾಯಿತು? ಫಿಲ್ಮ್ ಕಾಲದಲ್ಲಿ ಲೆನ್ಸ್ ಕಂಡದ್ದನ್ನೇ ಕಣ್ಣೂ ಕಾಣಬೇಕೆಂದರೆ ಬೇರೆ ಒಳ್ಳೆಯ ದಾರಿ ಇರಲಿಲ್ಲ. ಫಿಲ್ಮ್ ಕತ್ತಲಲ್ಲಿ ಮುಚ್ಚಿರಬೇಕು, ಆದರೆ ತೆಗೆಯುವವನಿಗೆ ದೃಶ್ಯ ಕಾಣಬೇಕು. 1959ರಲ್ಲಿ ಬಂದ ನಿಕಾನ್ ಎಫ್ ಈ ಪದ್ಧತಿಯನ್ನು ಪತ್ರಿಕಾ ಛಾಯಾಗ್ರಾಹಕರ ನೆಚ್ಚಿನ ಸಾಧನವಾಗಿಸಿತು. ಕನ್ನಡಿ ಏಳಲು, ಇಳಿಯಲು ಜಾಗ ಬೇಕು. ಹಾಗಾಗಿ ಲೆನ್ಸ್ ಕೂರುವ ಬಳೆಯಿಂದ ಸೆನ್ಸರ್‌ವರೆಗೆ ನಿಕಾನ್ ಡಿಎಸ್‌ಎಲ್‌ಆರ್‌ಗಳಲ್ಲಿ 46.5 ಮಿಲಿಮೀಟರ್, ಕ್ಯಾನನ್‌ನಲ್ಲಿ 44 ಮಿಲಿಮೀಟರ್ ಅಂತರ.

ಡಿಜಿಟಲ್ ಸೆನ್ಸರ್ ಬಂದ ಮೇಲೆ ಸಂಗತಿ ಬದಲಾಯಿತು. ಸೆನ್ಸರ್ ತಾನು ಕಂಡದ್ದನ್ನು ಪರದೆಯ ಮೇಲೆ ನೇರವಾಗಿ ತೋರಿಸಬಲ್ಲದು. ಅಂದಮೇಲೆ ಕನ್ನಡಿಗೆ ಕೆಲಸವಿಲ್ಲ. 2008ರಲ್ಲಿ ಪ್ಯಾನಸಾನಿಕ್ ಮತ್ತು ಒಲಿಂಪಸ್ ಕಂಪನಿಗಳು ಮೈಕ್ರೋ ಫೋರ್ ಥರ್ಡ್ಸ್ ಪದ್ಧತಿಯನ್ನು ಪ್ರಕಟಿಸಿದವು. ಅದೇ ವರ್ಷ ಬಂದ ಪ್ಯಾನಸಾನಿಕ್ ಜಿ1 ಆ ಪದ್ಧತಿಯ ಮೊದಲ ಕ್ಯಾಮೆರಾ. ಸೋನಿ 2010ರಲ್ಲಿ ಬಂತು, ಫ್ಯೂಜಿಫಿಲ್ಮ್ 2012ರಲ್ಲಿ. ಕ್ಯಾನನ್ ಮತ್ತು ನಿಕಾನ್ 2018ರಲ್ಲಿ ಗಟ್ಟಿಯಾಗಿ ಈ ಕಡೆ ಹೊರಳಿದವು. ಲೆನ್ಸ್ ಬಳೆಯಿಂದ ಸೆನ್ಸರಿನ ಅಂತರ ಸೋನಿಯಲ್ಲಿ ಈಗ 18 ಮಿಲಿಮೀಟರ್, ನಿಕಾನ್ ಜೆಡ್‌ನಲ್ಲಿ 16. ಮಿರರ್‌ಲೆಸ್ (ಕನ್ನಡಿಯಿಲ್ಲದ) ಕ್ಯಾಮೆರಾ ತೆಳ್ಳಗಾದದ್ದು ಹೀಗೆ.

ಒಂದೇ ಕಂಪನಿಯ ಎರಡು ಕ್ಯಾಮೆರಾಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಿಳಿಯುತ್ತದೆ. 2017ರ ನಿಕಾನ್ ಡಿ7500 ಡಿಎಸ್‌ಎಲ್‌ಆರ್, 2019ರ ನಿಕಾನ್ ಜೆಡ್50 ಮಿರರ್‌ಲೆಸ್. ಎರಡರ ಸೆನ್ಸರ್ ಅಳತೆ ಒಂದೇ, 20.9 ಮೆಗಾಪಿಕ್ಸೆಲ್ ಎಂಬುದೂ ಒಂದೇ. ಬ್ಯಾಟರಿ, ಕಾರ್ಡ್ ಸೇರಿ ಮೊದಲನೆಯದು ಸುಮಾರು 720 ಗ್ರಾಂ, ಎರಡನೆಯದು 450. ಡಿ7500ಗೆ 205 ಗ್ರಾಂನ 18-55 ಲೆನ್ಸನ್ನೂ ಜೆಡ್50ಗೆ 135 ಗ್ರಾಂನ 16-50 ಲೆನ್ಸನ್ನೂ ಹಾಕಿದರೆ 925 ಗ್ರಾಂ ಒಂದು ಕಡೆ, 585 ಗ್ರಾಂ ಇನ್ನೊಂದು ಕಡೆ. ತಕ್ಕಡಿಯ ಲೆಕ್ಕಕ್ಕೆ ಇದು ಅಲ್ಪ ಅನಿಸಬಹುದು. ಮಗುವನ್ನು ಎತ್ತಿಕೊಂಡು, ನೀರಿನ ಬಾಟಲಿ ಹಿಡಿದು ಶ್ರವಣಬೆಳಗೊಳದ ಮೆಟ್ಟಿಲು ಹತ್ತುವವರಿಗೆ ಮಾತ್ರ ಅಲ್ಪವಲ್ಲ. ಭಾರದ ಕ್ಯಾಮೆರಾ ಮೊದಲ ವರ್ಷ ಎಲ್ಲ ಕಡೆಗೂ ಬರುತ್ತದೆ, ಎರಡನೇ ವರ್ಷ ಮದುವೆಗಳಿಗೆ ಮಾತ್ರ, ಆಮೇಲೆ ಬೀರುವಿನಲ್ಲಿ ಉಳಿಯುತ್ತದೆ. ಫೋಟೋ ತೆಗೆಯುವುದು ಕೈಗೆ ಹತ್ತುವುದು ತೆಗೆದು ತೆಗೆದು. ಜೊತೆಗೆ ಬಾರದ ಕ್ಯಾಮೆರಾದಿಂದ ಯಾರೂ ಕಲಿಯಲಾರರು. ಹವ್ಯಾಸಕ್ಕೆ ಚಿಕ್ಕದನ್ನೇ ಕೊಳ್ಳಿ ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಮಿರರ್‌ಲೆಸ್ ಎಂದ ಮಾತ್ರಕ್ಕೆ ಚಿಕ್ಕದು ಎಂದಲ್ಲ. ಫುಲ್ ಫ್ರೇಮ್ ಸೆನ್ಸರಿನ ನಿಕಾನ್ ಜೆಡ್6ಗೆ 24-70 ಎಫ್/2.8 ಲೆನ್ಸ್ ಹಾಕಿದರೆ ಒಟ್ಟು ತೂಕ ಒಂದೂವರೆ ಕಿಲೋ ಹತ್ತಿರ ಬರುತ್ತದೆ, ಮೇಲಿನ ಡಿಎಸ್‌ಎಲ್‌ಆರ್‌ಗಿಂತಲೂ ಬಹಳ ಹೆಚ್ಚು. ಕನ್ನಡಿ ತೆಗೆದದ್ದರಿಂದ ಬಾಡಿ ಕಿರಿದಾಗುತ್ತದೆಯೇ ಹೊರತು, ದೊಡ್ಡ ಸೆನ್ಸರಿಗೆ ಬೆಳಕು ತುಂಬಬೇಕಾದ ದೊಡ್ಡ ಗಾಜು ಕಿರಿದಾಗುವುದಿಲ್ಲ. ಆದ್ದರಿಂದ ಹೊಸಬರಿಗೆ ಎಪಿಎಸ್-ಸಿ ಅಥವಾ ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರ್ ಸಾಕು. ಫುಲ್ ಫ್ರೇಮ್ 36x24 ಮಿಲಿಮೀಟರ್, ಎಪಿಎಸ್-ಸಿ ಸುಮಾರು 23.5x15.6, ಮೈಕ್ರೋ ಫೋರ್ ಥರ್ಡ್ಸ್ 17.3x13. ಇವುಗಳಲ್ಲಿ ಕೊನೆಯದು ಕೂಡ ಸಾಮಾನ್ಯ ಮೊಬೈಲ್ ಸೆನ್ಸರಿಗಿಂತ ಹಲವು ಪಟ್ಟು ದೊಡ್ಡದು.

ಚಿಕ್ಕ ಸೆನ್ಸರ್ ತೆಗೆದುಕೊಂಡರೆ ಕತ್ತಲಲ್ಲಿ ಚಿತ್ರ ಕೆಡುವುದಿಲ್ಲವೇ? ನ್ಯಾಯವಾದ ಪ್ರಶ್ನೆ, ಸ್ವಲ್ಪ ಲೆಕ್ಕ ಮಾಡೋಣ. ಬೇಲೂರಿನ ಚೆನ್ನಕೇಶವ ದೇಗುಲದ ನವರಂಗದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಹೊರಗೆ ಸುಡುಬಿಸಿಲು, ಒಳಗೆ ಕಡೆದ ಕಂಬಗಳ ನಡುವೆ ಮಬ್ಬು. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ 35 ಎಂಎಂ ಬಳಿ ಹೆಚ್ಚೆಂದರೆ ಎಫ್/4.5ರಷ್ಟು ತೆರೆಯುತ್ತದೆ. ಅಷ್ಟೇ ನೋಟದ, ಜೂಮ್ ಇಲ್ಲದ 35 ಎಂಎಂ ಎಫ್/1.8 ಲೆನ್ಸ್ ಅದರ ಆರು ಪಟ್ಟಿಗೂ ತುಸು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಎಫ್ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು, ಎರಡು ಸಂಖ್ಯೆಗಳ ಭಾಗಲಬ್ಧದ ವರ್ಗವೇ ಬೆಳಕಿನ ಲೆಕ್ಕ: 4.5ನ್ನು 1.8ರಿಂದ ಭಾಗಿಸಿದರೆ 2.5, ಅದರ ವರ್ಗ 6.25. ಕಿಟ್ ಲೆನ್ಸಿನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಶಟರ್ ತೆರೆದಿರಬೇಕಾದ ಕಡೆ ಇಲ್ಲಿ ಅರವತ್ತನೇ ಒಂದು ಭಾಗ ಸಾಕು. ಕಂಬದ ಪಕ್ಕ ನಿಂತ ಅಮ್ಮನ ಮುಖ ಮೊದಲನೆಯದರಲ್ಲಿ ಅಲುಗಿ ಕಲಸಿಹೋಗಬಹುದು, ಎರಡನೆಯದರಲ್ಲಿ ಸ್ಪಷ್ಟವಾಗಿ ಬರುತ್ತದೆ. ಅದೇ ಎಪಿಎಸ್-ಸಿ ಬಿಟ್ಟು ಫುಲ್ ಫ್ರೇಮಿಗೆ ಹೋದರೆ ಸೆನ್ಸರಿನ ವಿಸ್ತೀರ್ಣ ಹೆಚ್ಚುವುದು ಎರಡೂಕಾಲು ಪಟ್ಟಿನ ಆಸುಪಾಸು. ಅಂದರೆ ದುಬಾರಿ ಬಾಡಿಗಿಂತ ಪುಟ್ಟ ಪ್ರೈಮ್ (ಜೂಮ್ ಇಲ್ಲದ) ಲೆನ್ಸ್ ಒಂದು ನಿಮಗೆ ಹೆಚ್ಚು ಕೊಡುತ್ತದೆ. ಇಂಥ ಲೆನ್ಸ್ ಭಾರವೂ ಅಲ್ಲ. ಪ್ಯಾನಸಾನಿಕ್‌ನ 20 ಎಂಎಂ ಎಫ್/1.7 ಕೇವಲ 100 ಗ್ರಾಂ.

ತೂಕಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ, ಕಲಿಯುವವರಿಗೆ ವಿಶೇಷವಾಗಿ. ಡಿಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ಕಾಣುವುದು ಹೊರಗಿನ ದೃಶ್ಯ. ಮಿರರ್‌ಲೆಸ್‌ನ ಎಲೆಕ್ಟ್ರಾನಿಕ್ ವ್ಯೂಫೈಂಡರಿನಲ್ಲಿ ಕಾಣುವುದು ಹೆಚ್ಚುಕಡಿಮೆ ನೀವು ತೆಗೆಯಲಿರುವ ಚಿತ್ರವೇ. ಕ್ಯಾಮೆರಾದ ಬೆಳಕಿನ ಮಾಪಕ ಎಲ್ಲವನ್ನೂ ನಡುಮಟ್ಟದ ಬೂದು ಎಂದು ಭಾವಿಸುತ್ತದೆ. ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟ ಅಜ್ಜನ ಚಿತ್ರ ಕಂದುತ್ತದೆ. ಕಪ್ಪು ಕಲ್ಲಿನ ಮೂರ್ತಿ ಅಗತ್ಯಕ್ಕಿಂತ ಬೆಳ್ಳಗಾಗುತ್ತದೆ. ಕಿಟಕಿಗೆ ಬೆನ್ನು ಮಾಡಿ ಕೂತವರ ಮುಖ ಕಪ್ಪಾಗುತ್ತದೆ. ಎಕ್ಸ್‌ಪೋಶರ್ ಕಾಂಪನ್ಸೇಶನ್ ಎಂಬ ಚಕ್ರ ತಿರುಗಿಸಿ ಇದನ್ನು ತಿದ್ದಬೇಕು. ಡಿಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ಕಣ್ಣಿಟ್ಟವರಿಗೆ ಎಷ್ಟು ತಿದ್ದಬೇಕೆಂಬುದು ತಿಳಿಯುವುದು ಚಿತ್ರ ತೆಗೆದ ಮೇಲೆ. ಇಲ್ಲಿ ಚಕ್ರ ತಿರುಗಿದ ಹಾಗೆ ಅಜ್ಜನ ಪಂಚೆ ಕಣ್ಣೆದುರೇ ಬೆಳ್ಳಗಾಗುತ್ತದೆ. ತಿಂಗಳುಗಟ್ಟಲೆ ವಿವರಿಸಿದರೂ ತಲೆಗೆ ಹೋಗದ ಪಾಠ ಒಂದು ಮಧ್ಯಾಹ್ನದಲ್ಲಿ ಬೆರಳಿಗೆ ಬರುವುದನ್ನು ನೋಡುವುದು ಕಲಿಸುವವರಿಗೆ ನಿಜವಾದ ಸಂತೋಷ.

ಫೋಕಸ್ ವಿಚಾರದಲ್ಲೂ ಅಷ್ಟೆ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯಲು ಕನ್ನಡಿಯ ಕೆಳಗೆ ಪ್ರತ್ಯೇಕ ಘಟಕ ಇರುತ್ತದೆ, ಅದು ಹೆಚ್ಚಾಗಿ ಆವರಿಸುವುದು ಚೌಕಟ್ಟಿನ ನಡುಭಾಗವನ್ನು. ಮಿರರ್‌ಲೆಸ್‌ನಲ್ಲಿ ಸೆನ್ಸರೇ ಅಳೆಯುತ್ತದೆ, ಹೊಸ ಮಾದರಿಗಳು ಕಣ್ಣನ್ನು ತಾವೇ ಗುರುತಿಸಿ ಹಿಂಬಾಲಿಸುತ್ತವೆ. ಓಡುವ ಮಗುವಿನ ಚಿತ್ರ ತೆಗೆಯುವವರಿಗೆ ಬೇರೆ ವಿವರಣೆ ಬೇಕಿಲ್ಲ.

ಕೊರತೆಗಳೂ ಇವೆ. ಮೊದಲನೆಯದು ಬ್ಯಾಟರಿ. ನಿಕಾನ್ ಡಿ3500 ಎಂಬ ಚಿಕ್ಕ ಡಿಎಸ್‌ಎಲ್‌ಆರ್ ಒಂದು ಚಾರ್ಜಿಗೆ 1550 ಚಿತ್ರಗಳ ಮಟ್ಟಕ್ಕೆ ಹೋಗುತ್ತಿತ್ತು. ಪರದೆ ಸದಾ ಉರಿಯುವ ಚಿಕ್ಕ ಮಿರರ್‌ಲೆಸ್‌ಗಳಲ್ಲಿ ಸಾಮಾನ್ಯವಾಗಿ 300ರಿಂದ 400. ಇನ್ನೊಂದು ಬ್ಯಾಟರಿ ಕೊಂಡು ಜೇಬಿನಲ್ಲಿಟ್ಟುಕೊಳ್ಳಿ. ಲೆನ್ಸ್ ಬದಲಿಸುವಾಗ ಹಲವು ಮಾದರಿಗಳಲ್ಲಿ ಸೆನ್ಸರ್ ಬಯಲಿಗೆ ಬೀಳುತ್ತದೆ; ಜಾತ್ರೆಯ ಧೂಳಿನಲ್ಲಿ ಆ ಕೆಲಸ ಬೇಡ, ಮಾಡಲೇಬೇಕಾದರೆ ಕ್ಯಾಮೆರಾ ಆಫ್ ಮಾಡಿ ಬಾಯಿ ಕೆಳಗೆ ಹಿಡಿಯಿರಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಸಂಗೀತ ಕಛೇರಿಯಲ್ಲಿ, ಮಲಗಿದ ಕೂಸಿನ ಬಳಿ ವರದಾನ. ಆದರೆ ಅದು ಸೆನ್ಸರನ್ನು ಸಾಲುಸಾಲಾಗಿ ಓದುತ್ತದೆ. ಎಲ್‌ಇಡಿ ದೀಪದ ಯಕ್ಷಗಾನ ರಂಗಸ್ಥಳದಲ್ಲಿ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಮೂಡಬಹುದು, ಗಿರ್ರನೆ ತಿರುಗುವ ವೇಷದ ಅಂಚು ಬಾಗಬಹುದು. ಅಲ್ಲಿ ಮೆಕ್ಯಾನಿಕಲ್ ಶಟರಿಗೆ ಬದಲಾಯಿಸಿಕೊಳ್ಳಿ.

ಹಾಗಾದರೆ ಡಿಎಸ್‌ಎಲ್‌ಆರ್ ಯಾರಿಗೂ ಬೇಡವೇ? ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಚಿತ್ರಗಳನ್ನು ಕಂಡು ಕ್ಯಾಮೆರಾದ ಆಸೆ ಹುಟ್ಟಿದವರ ಲೆಕ್ಕ ಬೇರೆ. ಹಕ್ಕಿಗೆ ಉದ್ದ ಲೆನ್ಸ್ ಬೇಕೇ ಬೇಕು, ಅದರ ಮುಂದೆ ಬಾಡಿಯಲ್ಲಿ ಉಳಿಯುವ ಸುಮಾರು 270 ಗ್ರಾಂಗೆ ಬೆಲೆಯಿಲ್ಲ. ಹಣ ಕಡಿಮೆ ಇದ್ದರೆ ಹಳೆಯ ಡಿಎಸ್‌ಎಲ್‌ಆರ್ ಮತ್ತು ಅದರ ಲೆನ್ಸ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗವಾಗಿ ಸಿಗುತ್ತವೆ, ಅವುಗಳ ಚಿತ್ರ ಇಂದಿಗೂ ಚೆಂದ. ಹೊಸದಾಗಿ ಕೊಳ್ಳುವವರಿಗೆ ಮಾತ್ರ ಆ ದಾರಿ ಹೇಳಲಾರೆ. ಕ್ಯಾನನ್, ನಿಕಾನ್ ಎರಡರ ಹೊಸ ಲೆನ್ಸ್‌ಗಳೂ ಹೊಸ ಯೋಚನೆಗಳೂ ಈಗ ಮಿರರ್‌ಲೆಸ್ ಕಡೆಗೇ ಹರಿಯುತ್ತಿವೆ. ಮನೆಯಲ್ಲಿ ಹಳೆಯ ಲೆನ್ಸ್‌ಗಳಿದ್ದರೆ ಅಡಾಪ್ಟರ್ ಹಾಕಿ ಬಳಸಬಹುದು. ಕ್ಯಾನನ್ ಇಎಫ್ ಲೆನ್ಸ್‌ಗಳು ಹೊಸ ಬಾಡಿಗಳಲ್ಲಿ ಸಲೀಸಾಗಿ ನಡೆಯುತ್ತವೆ. ಒಳಗೆ ಮೋಟಾರು ಇಲ್ಲದ ಹಳೆಯ ನಿಕಾನ್ ಲೆನ್ಸ್‌ಗಳಿಗೆ ನಿಕಾನ್‌ನ ಅಡಾಪ್ಟರಿನಲ್ಲಿ ಆಟೋಫೋಕಸ್ ಸಿಗದು, ಕೈಯಿಂದಲೇ ಫೋಕಸ್ ಮಾಡಬೇಕು.

ಕೊಳ್ಳುವಾಗ ವ್ಯೂಫೈಂಡರ್ ಇದೆಯೇ ಎಂದು ಮರೆಯದೆ ಕೇಳಿ. ಸೋನಿ ಜೆಡ್‌ವಿ-ಇ10ನಂಥ, ಮುಖ್ಯವಾಗಿ ವಿಡಿಯೋಗಾಗಿ ಮಾಡಿದ ಮಾದರಿಗಳಲ್ಲಿ ಅದು ಇರುವುದಿಲ್ಲ. ಹಂಪಿಯ ಬಂಡೆಗಳ ನಡುವೆ ಏಪ್ರಿಲ್ ಬಿಸಿಲಿನಲ್ಲಿ ಹಿಂದಿನ ಪರದೆ ಕಾಣುವುದೇ ಕಷ್ಟ. ಅಂಗಡಿಗೆ ಹೋಗುವಾಗ ನೀವು ದಿನವೂ ಕೆಲಸಕ್ಕೆ ಒಯ್ಯುವ ಚೀಲವನ್ನೇ ತೆಗೆದುಕೊಂಡು ಹೋಗಿ. ಲೆನ್ಸ್ ಹಾಕಿದ ಕ್ಯಾಮೆರಾವನ್ನು ಅದರೊಳಗೆ ಇಟ್ಟು ನೋಡಿ, ಹೆಗಲಿಗೇರಿಸಿ ನಾಲ್ಕು ಹೆಜ್ಜೆ ನಡೆಯಿರಿ. ಊಟದ ಡಬ್ಬಿ, ಛತ್ರಿ ತೆಗೆಯದೆ ಹಿಡಿಯುವ ಕ್ಯಾಮೆರಾ ಯಾವುದೋ ಅದನ್ನೇ ಕೊಳ್ಳಿ, ಉಳಿದ ಹಣಕ್ಕೆ ಎಫ್/1.8ರ ಲೆನ್ಸ್ ಒಂದನ್ನು ಅಂದೇ ಕೇಳಿ ತನ್ನಿ.